ಜಾವಾ ಮೇಸ್ತ್ರಿಯ ಲೆಕ್ಕದ ಪುಸ್ತಕ

ಅಪ್ಪನ ಅಂಗಡಿಯ ಲೆಕ್ಕದ ಪುಸ್ತಕಗಳಲ್ಲಿ ಪ್ರತಿ ಸಾಲಿಗೂ ನಾಲ್ಕು ವಿವರ: ಗಾಡಿ, ಊರು, ಕೆಲಸ, ದುಡ್ಡು. ಕಾರ್ಬೊರೇಟರ್ ಬಿಚ್ಚಿ ತೊಳೆದ ದಿನ ಮಾತ್ರ ಅದರ ಜೊತೆಗೆ ಇನ್ನೊಂದು ಪದ ಸೇರುತ್ತಿತ್ತು. ‘ನೀರು’, ‘ತುಕ್ಕು’, ‘ಸೀಮೆಎಣ್ಣೆ’, ‘ಕೆಂಧೂಳು’. ಒಳಗೆ ಏನು ಸಿಕ್ಕಿತೋ ಅದು. ನಾಳೆ ಗಿರಾಕಿ ತಿರುಗಿ ಬಂದು ‘ಮೊನ್ನೆ ತಾನೆ ಕ್ಲೀನ್ ಮಾಡಿಸಿದ್ನಲ್ಲ’ ಅಂತ ಜಗಳ ತೆಗೆದರೆ ತೋರಿಸಲಿಕ್ಕೆ ಇರಲಿ ಎಂದು ಬರೆದಿಟ್ಟದ್ದು. ಪುಸ್ತಕಗಳಿಗೆ ಕೆಂಪು ಬಟ್ಟೆಯ ರಟ್ಟು, ಒಳಗೆ ಗ್ರೀಸಿನ ಹೆಬ್ಬೆಟ್ಟು.

ನಾನು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವಳು. ವರ್ಷಕ್ಕೊಮ್ಮೆ ಮಕ್ಕಳನ್ನು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ಎಂ.ಎಚ್. ಕೃಷ್ಣ ಅವರು 1929ರ ಹೊತ್ತಿಗೆ ಅಗೆದದ್ದು, 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದದ್ದು, ಶಾತವಾಹನರ ನಾಣ್ಯದ ಜೊತೆ ರೋಮನ್ ನಾಣ್ಯ ಸಿಕ್ಕದ್ದು, ಎಲ್ಲ ಹೇಳುತ್ತೇನೆ. ಮಣ್ಣಿನ ಯಾವ ಪದರದಲ್ಲಿ ಏನು ಸಿಕ್ಕಿತು ಎಂಬುದರ ಮೇಲೆ ಕಾಲ ಹೇಳುವ ಆ ಕೆಲಸವನ್ನು ಅಪ್ಪ ಕಾರ್ಬೊರೇಟರಿನ ಬೌಲಿನಲ್ಲಿ ಮಾಡುತ್ತಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ. ನನಗೂ ಅವರು ಹೋದ ಮೇಲೆ, ಆ ಪುಸ್ತಕಗಳನ್ನು ವರ್ಷವಾರು ಜೋಡಿಸಿಕೊಂಡು ಕೂತಾಗಲೇ ಹೊಳೆದದ್ದು.

ದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಅವರು ಅಂಗಡಿ ಇಟ್ಟದ್ದು 1972ರಲ್ಲಿ, ‘ನಾಗರಹಾವು’ ತೆರೆಗೆ ಬಂದ ವರ್ಷ. ಅದಕ್ಕೆ ಮೊದಲು ಹಿರಿಯೂರಿನಲ್ಲಿ ಹೆದ್ದಾರಿ ಬದಿಯ ಲಾರಿ ವರ್ಕ್‌ಶಾಪಿನಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಕೆಲಸ ಕಲಿತಿದ್ದರು. ಬೆಂಗಳೂರು–ಪುಣೆ ರಸ್ತೆ ನಾಲ್ಕು ಪಥವಾಗುವ ಮೊದಲು ಹಿರಿಯೂರಿನಲ್ಲಿ ನಿಲ್ಲದೆ ಮುಂದೆ ಹೋಗುವ ಲಾರಿಯೇ ಇರಲಿಲ್ಲ ಎನ್ನುತ್ತಿದ್ದರು. ಲಾರಿ ಬಿಟ್ಟು ಮೋಟರ್‌ಸೈಕಲ್ಲಿಗೆ ಬಂದದ್ದು ಯಾಕೆ ಅಂದರೆ, ಲಾರಿಯ ಕೆಳಗೆ ಮಲಗಿ ಮಲಗಿ ಬೆನ್ನು ಹೋಗುತ್ತದೆ, ಬೈಕಿನ ಕೆಲಸ ಕೂತು ಮಾಡಬಹುದು. ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಆಗ ನಮ್ಮ ಕಡೆ ಓಡುತ್ತಿದ್ದದ್ದು ಮುಖ್ಯವಾಗಿ ಮೂರು ಗಾಡಿ. ಮದ್ರಾಸಿನ ಬುಲೆಟ್, ಫರೀದಾಬಾದಿನ ರಾಜದೂತ್, ಮೈಸೂರಿನ ಜಾವಾ. ಭೀಮಸಮುದ್ರದ ಅಡಿಕೆಯವರು, ಹೊಸದುರ್ಗದ ತೆಂಗಿನ ಮಂಡಿಯವರು ಬುಲೆಟ್ ಇಟ್ಟಿರುತ್ತಿದ್ದರು. ಪೊಲೀಸಿನವರದೂ ಬುಲೆಟ್ಟೇ. ಹಾಲಿನ ಕ್ಯಾನ್ ಹೊರುವವರಿಗೆ ರಾಜದೂತ್. ಮೇಷ್ಟ್ರು, ಬ್ಯಾಂಕಿನವರು, ಇಂಗಳದಾಳಿನ ತಾಮ್ರದ ಗಣಿಯ ನೌಕರರು ಜಾವಾ ಇಷ್ಟಪಟ್ಟವರು. ಅಪ್ಪನಿಗೆ ಊರಿಟ್ಟ ಹೆಸರು ‘ಜಾವಾ ಮೇಸ್ತ್ರಿ’.

ಜಾವಾ ಹುಟ್ಟಿದ್ದು ಚೆಕ್ ದೇಶದಲ್ಲಿ, 1929ರಲ್ಲಿ. ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ಲಿನ ಹಕ್ಕು ಕೊಂಡು ಶುರು ಮಾಡಿದ್ದು. ಅದನ್ನು ಇಂಡಿಯಾಕ್ಕೆ ತರಿಸುತ್ತಿದ್ದ ಮುಂಬಯಿಯ ರುಸ್ತುಂ ಇರಾನಿ, ಆಮದು ಕಷ್ಟವಾದ ಮೇಲೆ ಇಲ್ಲೇ ತಯಾರಿಸಲು ಹೊರಟು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. 1961ರಿಂದ ಗಾಡಿಗಳು ಹೊರಬಿದ್ದವು, 1970ರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಇಷ್ಟು ಎಲ್ಲರಿಗೂ ಗೊತ್ತು. ದುರ್ಗದ ಮಟ್ಟಿಗೆ ಮುಖ್ಯವಾದದ್ದು ಬೇರೆ: ಮದ್ರಾಸು, ಫರೀದಾಬಾದಿನಿಂದ ಸಾಮಾನು ಬರಲು ವಾರಗಟ್ಟಲೆ ಕಾಯಬೇಕಿದ್ದಾಗ, ಮೈಸೂರಿನ ಸಾಮಾನು ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ಲಾಗಿ ಬೆಳಗಿನ ಜಾವ ಬಸ್‌ಸ್ಟ್ಯಾಂಡಿಗೆ ಬಂದಿಳಿಯುತ್ತಿತ್ತು. ಜಾವಾ ಇಲ್ಲಿ ಬೇರೂರಿದ್ದಕ್ಕೆ ಅದರ ಚೆಂದ, ಅದರ ಸದ್ದು ಕಾರಣ ಎಂದು ಈಗಿನವರು ಬರೆಯುತ್ತಾರೆ. ಬಸ್ಸಿನ ಪಾರ್ಸೆಲ್ಲೂ ಅಷ್ಟೇ ಕಾರಣ ಅನ್ನುವುದು ನನ್ನ ಅಭಿಪ್ರಾಯ.

ಆ ಜಾವಾದಲ್ಲಿ ಕಿಕ್ಕರ್ ಬೇರೆ, ಗೇರು ಬೇರೆ ಇರಲಿಲ್ಲ. ಗೇರಿನ ಪೆಡಲನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯಬೇಕು. ಕಾರ್ಬೊರೇಟರ್ ಒಂದು ತಗಡಿನ ಮುಚ್ಚಳದೊಳಗೆ ಅಡಗಿರುತ್ತಿತ್ತು. ಹೆಸರು ಯೀಕೊವ್, ನಮ್ಮಲ್ಲಿ ಎಲ್ಲರೂ ಅನ್ನುತ್ತಿದ್ದದ್ದು ಜೀಕೋವು. ಬುಲೆಟ್ಟಿಗೆ ಮೊದಲು ಅಮಲ್ ಬರುತ್ತಿತ್ತು. 1927ರಲ್ಲಿ ಇಂಗ್ಲೆಂಡಿನ ಮೂರು ಕಾರ್ಬೊರೇಟರ್ ಕಂಪನಿಗಳು ಒಂದಾಗಿ ಹುಟ್ಟಿದ ಹೆಸರು ಅದು. ಬಜಾಜ್ ಸ್ಕೂಟರಿಗೆ ಸ್ಪಾಕೊ. ಆಕಾರ ಬೇರೆಬೇರೆ, ಒಳಗಿನ ಉಪಾಯ ಒಂದೇ. ಸಣ್ಣ ಬೌಲಿನಲ್ಲಿ ಪೆಟ್ರೋಲು ಒಂದು ಮಟ್ಟಕ್ಕೆ ನಿಂತಿರಬೇಕು, ಮೇಲೆ ಕಿರಿದಾದ ಕೊಳವೆಯಲ್ಲಿ ಗಾಳಿ ರಭಸದಿಂದ ಹೋಗುವಾಗ ಅಲ್ಲಿ ಒತ್ತಡ ತಗ್ಗಿ, ಜೆಟ್ಟಿನ ತೂತಿನಿಂದ ಪೆಟ್ರೋಲು ಮೇಲೆದ್ದು ತುಂತುರಾಗಬೇಕು. ಜರ್ಮನಿಯಲ್ಲಿ ಮೇಬ್ಯಾಕ್, ಹಂಗೆರಿಯಲ್ಲಿ ಬಾಂಕಿ ಮತ್ತು ಚೊಂಕಾ, 1893ರ ಸುಮಾರಿಗೆ ಈ ಉಪಾಯ ಕಂಡುಕೊಂಡರು. 1 ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಹೆಚ್ಚುಕಡಿಮೆ 14.7 ಗ್ರಾಂ ಗಾಳಿ ಬೇಕು. ಕರೆಂಟಿಲ್ಲದೆ, ಯಾವ ಸೆನ್ಸರಿಲ್ಲದೆ ಈ ಲೆಕ್ಕ ಹಿಡಿಯುವುದು ಎರಡು ಹಿತ್ತಾಳೆ ತೂತು ಮತ್ತು ಒಂದು ಸೂಜಿ. ಆ ತೂತು ಕಟ್ಟಿತೋ, ಗಾಡಿ ರಸ್ತೆ ಬದಿಗೆ.

ಕ್ಲೀನಿಂಗ್ ಹೀಗೆ. ಮೊದಲು ಟ್ಯಾಂಕಿನ ಕಾಕ್ ಮುಚ್ಚಿ ಪೆಟ್ರೋಲು ಪೈಪು ಕೀಳುವುದು. ಮೇಲಿನ ಮುಚ್ಚಳ ತಿರುಗಿಸಿ, ಆಕ್ಸಿಲರೇಟರ್ ಕೇಬಲ್ಲಿನ ಸಮೇತ ಸ್ಲೈಡನ್ನೂ ಅದಕ್ಕೆ ಸಿಕ್ಕಿಸಿದ ಸೂಜಿಯನ್ನೂ ಎತ್ತಿ, ಬಟ್ಟೆ ಸುತ್ತಿ ಹ್ಯಾಂಡಲ್ಲಿಗೆ ನೇತುಹಾಕುವುದು. ಬೌಲು ಬಿಚ್ಚುವಾಗ ಅಪ್ಪ ಚೆಲ್ಲಲು ಬಿಡುತ್ತಿರಲಿಲ್ಲ. ಒಂದು ಹಾರ್ಲಿಕ್ಸ್ ಬಾಟಲಿಗೆ ಸುರಿದು, ಬೀಡಿ ಸೇದುವವರನ್ನು ದೂರ ಕಳಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಪುಸ್ತಕಕ್ಕೆ ಹೋಗುತ್ತಿದ್ದ ಪದ ಅಲ್ಲಿ ತೀರ್ಮಾನವಾಗುತ್ತಿತ್ತು. ತಳದಲ್ಲಿ ದುಂಡಗೆ ಜಾರುವ ಹನಿ ಇದ್ದರೆ ನೀರು. ಕಂದು ಹುಡಿ ಇದ್ದು ಅಯಸ್ಕಾಂತಕ್ಕೆ ಅಂಟಿದರೆ ಟ್ಯಾಂಕಿನ ತುಕ್ಕು, ಅಂಟದಿದ್ದರೆ ಧೂಳು. (ತುಕ್ಕೆಲ್ಲ ಅಂಟುವುದಿಲ್ಲ ಎಂದು ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ನನಗೆ ಪಾಠ ಮಾಡಿದರು. ಟ್ಯಾಂಕಿನೊಳಗಿಂದ ಕಳಚಿ ಬರುವ ತುಣುಕಿನಲ್ಲಿ ಕಬ್ಬಿಣದ ಅಂಶವೂ ಇರುತ್ತದಾದ್ದರಿಂದ ಅಪ್ಪನ ಪರೀಕ್ಷೆ ನಡೆಯುತ್ತಿತ್ತು.)

ಜೆಟ್ಟುಗಳು ನನ್ನ ಪಾಲಿನ ಕೆಲಸ. ಐದನೇ ಕ್ಲಾಸಿನವಳ ಬೆರಳಿಗೆ ಅವು ಚೆನ್ನಾಗಿ ಸಿಗುತ್ತಿದ್ದವು. ಪೆಟ್ರೋಲಿನಲ್ಲಿ ನೆನೆಹಾಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಆಕಾಶಕ್ಕೆ ಹಿಡಿದು ನೋಡಬೇಕು. ತೂತು ದುಂಡಗೆ, ಅಂಚು ಸ್ವಚ್ಛವಾಗಿ ಕಾಣಬೇಕು. ಕಟ್ಟಿದ್ದರೆ ತಂತಿ ಹಾಕುವಂತಿಲ್ಲ. “ತಂತಿ ಹಾಕಬ್ಯಾಡ ಕಣವ್ವ, ಹಿತ್ತಾಳೆ ಮೆತ್ತಗೈತೆ” ಎನ್ನುವುದು ಅಂಗಡಿಯ ಕಾನೂನು. ಕ್ಲಚ್ ವಯರಿನ ಒಂದು ಎಳೆ ಸಾಕು, ತೂತು ಕೂದಲಷ್ಟು ಅಗಲವಾಗಲು. ಆಮೇಲೆ ಗಾಡಿ ಪೆಟ್ರೋಲು ಕುಡಿಯುತ್ತದೆ, ಪ್ಲಗ್ಗು ಕಪ್ಪಾಗುತ್ತದೆ, ಯಾವ ಸ್ಕ್ರೂ ತಿರುಗಿಸಿದರೂ ಸರಿಹೋಗುವುದಿಲ್ಲ. ನಾವು ಬಳಸುತ್ತಿದ್ದದ್ದು ಕುದುರೆ ಬಾಲದ ಕೂದಲು. ಬಸ್‌ಸ್ಟ್ಯಾಂಡಿನ ಜಟಕಾದವರು ಕೊಡುತ್ತಿದ್ದರು, ಬದಲಿಗೆ ಜಟಕಾ ಗಾಲಿಗೆ ಗ್ರೀಸು. ಜಟಕಾ ನಿಂತುಹೋದ ಮೇಲೆ ಮಾರಿಕಣಿವೆ ಜಲಾಶಯದ ಮೀನಿನವರಿಂದ ಗಾಳದ ನೈಲಾನ್ ದಾರ ಬಂತು. ಕೆಲಸಕ್ಕೆ ಕೂದಲೇ ಮೇಲು.

ಬೌಲಿನಲ್ಲಿ ತೇಲುತ್ತ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನದು ಇನ್ನೊಂದು ಕಥೆ. ಹಳೆಯ ಫ್ಲೋಟುಗಳು ಹಿತ್ತಾಳೆ ತಗಡಿನ ಎರಡು ಭಾಗ ಬೆಸೆದು ಮಾಡಿದವು. ಬೆಸುಗೆ ಬಿಟ್ಟರೆ ಒಳಗೆ ಪೆಟ್ರೋಲು ತುಂಬಿ ಮುಳುಗುತ್ತದೆ, ಮುಳುಗಿದರೆ ಪೆಟ್ರೋಲು ಒಳಬರುವ ಬಾಯಿಯನ್ನು ಫ್ಲೋಟಿನ ಸೂಜಿ ಮುಚ್ಚುವುದಿಲ್ಲ, ಗಾಡಿ ನಿಂತಲ್ಲೇ ಓವರ್‌ಫ್ಲೋ. ಕಿವಿಯ ಹತ್ತಿರ ಅಲುಗಿಸಿ ಕೇಳುವುದು, ಬಿಸಿನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ನೋಡುವುದು, ಅಲ್ಲಿ ಸೀಸ ಹಾಕುವುದು. ಸೀಸ ಹೆಚ್ಚಾದರೆ ಫ್ಲೋಟಿನ ತೂಕ ಏರಿ ಪೆಟ್ರೋಲಿನ ಮಟ್ಟವೇ ಬದಲಾಗುತ್ತದೆ. ಅಪ್ಪ ಆ ಬೆಸುಗೆಯನ್ನು ಅಕ್ಕಸಾಲಿಗನ ಹತ್ತಿರ ಮಾಡಿಸುತ್ತಿದ್ದರು. ಎಲ್ಲ ಜೋಡಿಸಿದ ಮೇಲೆ ಏರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟು, ಎಂಜಿನ್ ಬಿಸಿಯಾದ ಮೇಲೆ ಕಿವಿಯಲ್ಲಿ ಕೇಳುತ್ತ ಒಂದಿಷ್ಟು ಆಚೀಚೆ. ಮಾತಾಡಿದವರಿಗೆ ಆಗ ಬೈಗುಳ.

ಈಗ ಪುಸ್ತಕಗಳ ಪದರಗಳಿಗೆ ಬರುತ್ತೇನೆ.

ಮೊದಲ ಪುಸ್ತಕಗಳ ತುಂಬ ‘ನೀರು’ ಮತ್ತು ‘ತುಕ್ಕು’. ಊರಿನ ಕಾಲಂನಲ್ಲಿ ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕಿನ ಒಳಹಳ್ಳಿಗಳು. ಪೆಟ್ರೋಲು ಬಂಕು ಇದ್ದದ್ದು ಪಟ್ಟಣದಲ್ಲಿ. ಹಳ್ಳಿಗೆ ಅದು ಹೋಗುತ್ತಿದ್ದದ್ದು ಬ್ಯಾರೆಲ್ಲಿನಲ್ಲಿ, ಅಲ್ಲಿಂದ ಕಿರಾಣಿ ಅಂಗಡಿಯ ಬಾಟಲಿಗೆ. ಬ್ಯಾರೆಲ್ ಬಿಸಿಲಲ್ಲಿ ನಿಂತು ರಾತ್ರಿ ತಣಿದಾಗ ಒಳಗೆ ಬೆವರುತ್ತದೆ, ಆ ನೀರು ಪೆಟ್ರೋಲಿನ ಅಡಿ ಸೇರುತ್ತದೆ. ಜೊತೆಗೆ ಜಾವಾ, ರಾಜದೂತ್ ಎರಡೂ ಟೂ-ಸ್ಟ್ರೋಕ್, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಲೀಟರಿಗೆ 40 ಮಿಲಿ ಎಂದು ಅಪ್ಪ ಹೇಳಿಕೊಡುತ್ತಿದ್ದರು, ಜನ ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದರು. ಕಾಕ್ ಮುಚ್ಚದೆ ವಾರಗಟ್ಟಲೆ ಗಾಡಿ ನಿಲ್ಲಿಸಿದರೆ ಬೌಲಿನ ಪೆಟ್ರೋಲು ಆರಿ, ಎಣ್ಣೆ ಮಾತ್ರ ಜಿಗಟಾಗಿ ಉಳಿಯುತ್ತದೆ. ಬೆಳೆ ಕೊಯ್ಲಿನ ಕಾಲದಲ್ಲಿ ಗಾಡಿ ಮೂಲೆಗೆ ಬಿದ್ದಿರುತ್ತಿತ್ತು, ಶೇಂಗಾ ಮಾರಿದ ಮೇಲೆ ಹೊರಗೆ ಬರುತ್ತಿತ್ತು. ಕ್ಲೀನಿಂಗ್ ಸೀಸನ್ನು ಶೇಂಗಾ ಸೀಸನ್ನಿನ ಬೆನ್ನಿಗೇ ಇರುವುದನ್ನು ಪುಸ್ತಕದ ಪುಟಗಳು ಸ್ಪಷ್ಟವಾಗಿ ಹೇಳುತ್ತವೆ.

ಎಂಬತ್ತರ ದಶಕಕ್ಕೆ ಬಂದರೆ ಒಂದೇ ಪದ ಪುಟಗಟ್ಟಲೆ: ‘ಸೀಮೆಎಣ್ಣೆ’. ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆಗೆ ಸರ್ಕಾರ ನೀಲಿ ಬಣ್ಣ ಹಾಕಿದ್ದೇ ಕದ್ದು ಬೆರೆಸುವವರನ್ನು ಹಿಡಿಯಲು. ಬೆಲೆಯ ಅಂತರ ಅಷ್ಟಿತ್ತು. ಬೆರೆಸಿದವರು ಬಂಕಿನವರೋ, ಟ್ಯಾಂಕರಿನವರೋ, ಬಾಟಲಿ ಅಂಗಡಿಯವರೋ ಎಂಬ ವಾದ ನಮ್ಮ ಅಂಗಡಿಯ ಬೆಂಚಿನ ಮೇಲೆ ಮುಗಿದದ್ದೇ ಇಲ್ಲ. ಗಾಡಿಯ ಯಜಮಾನನೇ ಬೆರೆಸಿದ್ದೂ ಉಂಟು. ಹೊಲದ ಪಂಪಿನ ಎಂಜಿನ್ನುಗಳು ಪೆಟ್ರೋಲಿನಲ್ಲಿ ಸ್ಟಾರ್ಟಾಗಿ ಸೀಮೆಎಣ್ಣೆಯಲ್ಲಿ ಓಡುತ್ತಿದ್ದವಲ್ಲ, ಬೈಕ್ ಯಾಕೆ ಓಡಬಾರದು ಎಂಬ ತರ್ಕ. ಓಡುತ್ತದೆ ಕೂಡ. ಬಿಸಿಯಾದ ಮೇಲೆ. ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಮೊಣಕಾಲು ಹೋದ ಮೇಲೆ.

ಬಂಕಿನಲ್ಲಿ ಪರೀಕ್ಷೆ ಮಾಡಲು ಫಿಲ್ಟರ್ ಪೇಪರಿನ ವಿಧಾನವಿದೆ. ಒಂದು ಹನಿ ಬಿಟ್ಟರೆ ಶುದ್ಧ ಪೆಟ್ರೋಲು ಕಲೆ ಉಳಿಸದೆ ಆರುತ್ತದೆ, ಸೀಮೆಎಣ್ಣೆ ಕಲೆ ಬಿಡುತ್ತದೆ. ಜಾವಾದ ಟ್ಯಾಂಕಿನ ಪೆಟ್ರೋಲಿಗೆ ಇದು ನಡೆಯದು, ಅದರಲ್ಲಿ ಮೊದಲೇ ಎಣ್ಣೆ ಇರುವುದರಿಂದ ಹೇಗೂ ಕಲೆ ಬೀಳುತ್ತದೆ. ಹಾಗಾಗಿ ಅಪ್ಪ ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ, ಸ್ಲೈಡಿನ ಮೈಮೇಲಿನ ಕಂದು ಅಂಟು ನೋಡಿ ಹೇಳುತ್ತಿದ್ದರು. ಇತಿಹಾಸದವಳಾಗಿ ನಾನು ಈ ಪದವನ್ನು ಪೂರ್ತಿ ನಂಬುವುದಿಲ್ಲ. ಒಮ್ಮೆ ಒಂದು ಬಂಕಿನ ಮೇಲೆ ಅನುಮಾನ ಬಂತೆಂದರೆ ಅಲ್ಲಿ ಹಾಕಿಸಿದವರ ಗಾಡಿಗೆಲ್ಲ ‘ಸೀಮೆಎಣ್ಣೆ’ ಎಂದೇ ಬರೆಯುವ ಮನುಷ್ಯ ಅವರು. ಅರ್ಧದಷ್ಟು ನಿಜವಿದ್ದರೂ ಕಡಿಮೆಯಲ್ಲ. ಇನ್ನು, ಅದೇ ನೀಲಿ ಸೀಮೆಎಣ್ಣೆ ನಮ್ಮ ಅಂಗಡಿಯ ಟ್ರೇನಲ್ಲೂ ಇತ್ತು, ಚೈನು, ಹಬ್ಬು ತೊಳೆಯಲು. ಅದು ನಮ್ಮ ಮನೆಯ ರೇಷನ್ನಿನದು, ಅಮ್ಮನ ಸ್ಟೌವಿನ ಪಾಲು.

ತೊಂಬತ್ತರ ಪುಸ್ತಕಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. 1985ರಲ್ಲಿ ಬಂದ ಆರ್‌ಎಕ್ಸ್ 100 ಮತ್ತು ಹೀರೊ ಹೋಂಡಾ ಗಾಡಿಗಳು ಕಾಲಂ ತುಂಬುತ್ತವೆ, ಜಾವಾ ವಿರಳವಾಗುತ್ತದೆ, ಆರ್‌ಎಕ್ಸ್‌ನಲ್ಲಿ ಎಣ್ಣೆಗೆ ಬೇರೆ ಟ್ಯಾಂಕ್ ಇದ್ದದ್ದರಿಂದ ಜಿಗಟು ಕಡಿಮೆ.

ಆಮೇಲೆ ಕೆಂಧೂಳು. 2003ರಿಂದೀಚೆ ಚೀನಾಕ್ಕೆ ಅದಿರು ಹೋಗತೊಡಗಿದಾಗ ಬಳ್ಳಾರಿಯ ಸುದ್ದಿ ಎಲ್ಲರೂ ಓದಿದರು. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆಯ ಗುಡ್ಡಗಳಿಂದಲೂ ಲಾರಿಗಳು ಸಾಲುಗಟ್ಟಿದ್ದವು. ಅಡಿಕೆ ಸೋಗೆ ಕೆಂಪಾಯಿತು ಎಂದು ತೋಟದವರು ಅತ್ತರು. ಆ ರಸ್ತೆಯಲ್ಲಿ ದಿನಾ ಓಡಾಡುವ ಬೈಕುಗಳ ಏರ್ ಫಿಲ್ಟರ್ ತೆಗೆದು ಕಲ್ಲಿಗೆ ಬಡಿದರೆ ನೆಲ ಕೆಂಪಾಗುತ್ತಿತ್ತು. ಫಿಲ್ಟರ್ ಕಟ್ಟಿದರೆ ಗಾಳಿ ಸಾಲದೆ ಗಾಡಿ ಹೊಗೆಯುಗುಳುತ್ತದೆ, ಅದಕ್ಕೆಂದು ಫಿಲ್ಟರನ್ನೇ ಕಿತ್ತೆಸೆದವರ ಕಾರ್ಬೊರೇಟರಿನೊಳಗೆ ಧೂಳು ಎಣ್ಣೆಯ ಜೊತೆ ಕಲಸಿಕೊಂಡು ಸ್ಲೈಡಿನ ಮೈ ತರಿಯುತ್ತಿತ್ತು. ಆ ಹೊತ್ತಿಗೆ ಅಂಗಡಿ ನನ್ನ ತಮ್ಮನ ಕೈಗೆ ಬಂದಿತ್ತು, ಅಪ್ಪ ಬೆಂಚಿನ ಮೇಲೆ ಕೂತು ಪುಸ್ತಕ ಮಾತ್ರ ಬರೆಯುತ್ತಿದ್ದರು. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಆ ವರ್ಷದ ದೀಪಾವಳಿ ಕಳೆಯುವಷ್ಟರಲ್ಲಿ ‘ಕೆಂಧೂಳು’ ಪುಸ್ತಕದಿಂದ ಬಹುತೇಕ ಮಾಯವಾಗಿದೆ. ಕೋರ್ಟಿನ ಆದೇಶ ಎಷ್ಟು ಬೇಗ ಜಾರಿಯಾಯಿತು ಎಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆ ನಾನು ಕಂಡಿಲ್ಲ. ಗಣಿಯಿಂದ ಬಂದ ದುಡ್ಡಿನಲ್ಲಿ ಕೊಂಡ ಗಾಡಿಗಳೂ ಆಗ ಮಾರಾಟಕ್ಕೆ ನಿಂತವು ಎನ್ನುವುದನ್ನೂ ಸೇರಿಸಬೇಕು.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದು ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಬಹುತೇಕ ಇಲ್ಲವಾಯಿತು. ಇಂಜೆಕ್ಟರ್ ಕೆಟ್ಟರೆ ಸ್ಕ್ಯಾನರ್ ಸಿಕ್ಕಿಸಿ ನೋಡಬೇಕು. ಇದನ್ನು ಹಿಡಿದು ಅಳುವವರ ಜೊತೆ ನಾನಿಲ್ಲ. ಹೊಗೆ ಕಡಿಮೆಯಾಗಿದೆ, ಚಳಿಗಾಲದ ಬೆಳಿಗ್ಗೆ ಹೆಣ್ಣುಮಕ್ಕಳು ಬಟನ್ ಒತ್ತಿ ಹೋಗುತ್ತಾರೆ. ತಮ್ಮನೂ ಸ್ಕ್ಯಾನರ್ ಕೊಂಡಿದ್ದಾನೆ.

ಅಷ್ಟರಲ್ಲಿ ಮುಗಿಯಿತು ಅಂದುಕೊಂಡಿದ್ದ ಕ್ಲೀನಿಂಗ್ ಕೆಲಸ ತಿರುಗಿ ಬಂದಿದೆ. ಒಂದು, ಹಳೆಯ ಜಾವಾ, ಯೆಜ್ಡಿಗಳನ್ನು ಹುಡುಕಿ ಕೊಂಡು ಸಿಂಗರಿಸುವವರು ಹೆಚ್ಚಿದ್ದಾರೆ. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿ ಬಂದ ಮೇಲಂತೂ ಹಳತಕ್ಕೆ ಬೆಲೆ ಏರಿತು. 2022ರಲ್ಲಿ, 1933ರ ನಂತರ ಮೊದಲ ಸಲ, ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೋಡಲು ಬಂದ ಬೆಂಗಳೂರಿನ ಹುಡುಗರ ಯೆಜ್ಡಿಗಳು ಹಿರಿಯೂರಿನ ದಾರಿಯಲ್ಲಿ ಕೆಟ್ಟು ನಿಂತವು, ಕೆಲವು ನಮ್ಮ ಅಂಗಡಿಗೂ ಟೆಂಪೊದಲ್ಲಿ ಬಂದವು. ಎರಡನೆಯ ಕಾರಣ ಎಥನಾಲ್. ಪೆಟ್ರೋಲಿಗೆ ಶೇ. 5 ಬೆರೆಸುವುದು ಕರ್ನಾಟಕದಲ್ಲಿ 2003ರಲ್ಲೇ ಶುರುವಾಗಿತ್ತು. ಶೇ. 20ರ ಇ-20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಿ, 2023ರ ಫೆಬ್ರುವರಿ 6ರಂದು. ಎಥನಾಲ್ ಗಾಳಿಯ ತೇವ ಹೀರುತ್ತದೆ, ತೇವ ಮಿತಿ ಮೀರಿದರೆ ನೀರಿನ ಸಮೇತ ಬೇರ್ಪಟ್ಟು ತಳ ಸೇರುತ್ತದೆ. ಹಳೆಯ ರಬ್ಬರ್ ಓ-ರಿಂಗು ಉಬ್ಬುತ್ತದೆ, ಬೌಲಿನ ಲೋಹದ ಮೇಲೆ ಬಿಳಿ ಹುಡಿ ಏಳುತ್ತದೆ. ಮತ್ತೆ, ಇ-20 ಉರಿಯಲು ಬೇಕಾದ ಗಾಳಿ ಸುಮಾರು 13.5 ಪಾಲು ಮಾತ್ರ. ಹಳೆಯ ಜೆಟ್ಟಿಗೆ ಇದು ಗೊತ್ತಿಲ್ಲ, ಅದು ಹಳೇ ಲೆಕ್ಕದಲ್ಲೇ ಬಿಡುತ್ತದೆ. ಪೆಟ್ರೋಲು ಕಡಿಮೆ, ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ. ತಮ್ಮ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿ, ಅಂದರೆ ಸೂಜಿ ಮೇಲೇರುವಂತೆ ಮಾಡಿ, ಏರ್ ಸ್ಕ್ರೂ ಒಂದಿಷ್ಟು ಬಿಗಿ ಮಾಡಿ ಕಳಿಸುತ್ತಾನೆ. ನನ್ನ ಕಾಟಕ್ಕೆ ಪುಸ್ತಕವನ್ನೂ ಮುಂದುವರಿಸಿದ್ದಾನೆ. ಈಗಿನ ಪದ ‘ಬಿಳಿಹುಡಿ’.

ದುರ್ಗದ ಇತಿಹಾಸ ಎಂದರೆ 1779ರಲ್ಲಿ ಹೈದರಾಲಿ ಕೋಟೆ ಹಿಡಿದಲ್ಲಿಗೆ ಮುಗಿಯಿತು ಎಂದು ನಮ್ಮ ಊರಿನ ಭಾಷಣಕಾರರು ಭಾವಿಸಿದಂತಿದೆ. ಮದಕರಿ ನಾಯಕ, ಓಬವ್ವ, ಅಲ್ಲಿಗೆ ಚಪ್ಪಾಳೆ. ಆಮೇಲಿನ ಜನ ಏನು ಹತ್ತಿದರು, ಎಲ್ಲಿಗೆ ಓಡಾಡಿದರು, ಯಾವ ಎಣ್ಣೆ ಸುಟ್ಟರು, ಯಾರು ಅವರಿಗೆ ಮೋಸ ಮಾಡಿದರು ಎಂಬುದಕ್ಕೆ ಶಾಸನವಿಲ್ಲ. ಇರುವುದು ಇಂಥ ಪುಸ್ತಕಗಳು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳೆಯ ಗ್ಯಾರೇಜುಗಳಲ್ಲಿ, ಪಂಪ್‌ಸೆಟ್ ರಿಪೇರಿ ಅಂಗಡಿಗಳಲ್ಲಿ, ಮಂಡಿಗಳಲ್ಲಿ ಇವು ಇನ್ನೂ ಇವೆ. ಅಂಗಡಿ ಮುಚ್ಚುವಾಗ ತೂಕಕ್ಕೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಕೊಡಿ, ಅಥವಾ ಫೋಟೊ ತೆಗೆದಿಡಿ. ಮನೆಯಲ್ಲಿ ಹಳೆಯ ಜಾವಾ ಇದ್ದವರಿಗೆ ಇನ್ನೊಂದು ಮಾತು: ವಾರದ ಮೇಲೆ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಬೌಲಿನ ಪೆಟ್ರೋಲು ಮುಗಿದು ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ ನಿಲ್ಲಿಸಿ.